ಅದೇ ಪಾತ್ರಧಾರಿಗಳು, ಬೇರೆ ಬೇರೆ ಭಯ

ದಾವಣಗೆರೆಯ ವಿದ್ಯಾನಗರದ ಬಾಡಿಗೆ ಕೋಣೆಗಳಲ್ಲಿದ್ದು ಓದುತ್ತಿರುವ ಹುಡುಗರಿಂದ ಹಿಡಿದು ಪಿ.ಜೆ. ಬಡಾವಣೆಯಲ್ಲಿರುವ ನನ್ನ ಓರಗೆಯ ಗೆಳೆಯರವರೆಗೆ, ‘ಅಮೆರಿಕನ್ ಹಾರರ್ ಸ್ಟೋರಿ’ ಸರಣಿ ನೋಡಿದ ಯಾರನ್ನೇ ಮಾತಿಗೆಳೆದರೂ, ಅದರ ಯಾವ ಸೀಸನ್ ಚೆನ್ನಾಗಿದೆ ಎಂಬುದರಲ್ಲಿ ಇಬ್ಬರು ಒಪ್ಪಿದ್ದನ್ನು ನಾನು ಕಂಡಿಲ್ಲ. ಒಬ್ಬರು ನಿದ್ದೆಗೆಟ್ಟು ನೋಡಿ ಮುಗಿಸಿದ ಸೀಸನ್ನನ್ನು ಇನ್ನೊಬ್ಬರು ಮೂರನೇ ಕಂತಿಗೇ ಕೈಬಿಟ್ಟಿರುತ್ತಾರೆ. ಅವರವರ ರುಚಿ ಎಂದು ಇದನ್ನು ಬದಿಗೆ ಸರಿಸಬಹುದಾದರೂ, ಸರಣಿ ಬೆಳೆದು ಬಂದ ದಾರಿಯನ್ನು ನೋಡಿದರೆ ಈ ಭಿನ್ನಾಭಿಪ್ರಾಯದ ಬೇರು ಅಲ್ಲಿಯೇ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ರಯಾನ್ ಮರ್ಫಿ ಮತ್ತು ಬ್ರಾಡ್ ಫಾಲ್ಚಕ್ ರೂಪಿಸಿದ ಈ ಸರಣಿ 2011ರ ಅಕ್ಟೋಬರ್ 5ರಂದು ಅಮೆರಿಕದ ಎಫ್‌ಎಕ್ಸ್ ವಾಹಿನಿಯಲ್ಲಿ ಆರಂಭವಾಯಿತು. ಲಾಸ್ ಏಂಜಲಿಸ್‌ನ ಹಳೆಯ ಮನೆಯೊಂದಕ್ಕೆ ಬಂದು ಸೇರುವ ಕುಟುಂಬದ ಕಥೆ ಹನ್ನೆರಡು ಕಂತುಗಳಲ್ಲಿ ಮುಗಿದಾಗ, ಅದೇ ಕುಟುಂಬ ಮುಂದೆಯೂ ಬರುತ್ತದೆಂದು ಕಾದಿದ್ದವರು ಬಹಳ ಮಂದಿ. ಪ್ರತಿ ಸೀಸನ್ನಿಗೂ ಹೊಸ ಕಥೆ, ಹೊಸ ಊರು, ಹೊಸ ಪಾತ್ರಗಳು ಎಂಬುದನ್ನು ಮರ್ಫಿ ಬಹಿರಂಗಪಡಿಸಿದ್ದು ಆ ವರ್ಷದ ಡಿಸೆಂಬರಿನಲ್ಲಿ ಕೊನೆಯ ಕಂತು ಪ್ರಸಾರವಾದ ಮೇಲೆ. ‘ಮರ್ಡರ್ ಹೌಸ್’ ಎಂಬ ಹೆಸರು ಕೂಡ ಮೊದಲ ಸೀಸನ್ನಿಗೆ ಆಮೇಲೆ ಅಂಟಿಕೊಂಡದ್ದೇ. ಹೀಗಾಗಿ ಒಂದು ಮನೆಯ ಕಥೆಯನ್ನು ಪ್ರೀತಿಸಿದವರ ಒಂದು ಗುಂಪು, ಪ್ರತಿ ವರ್ಷದ ಹೊಸತನವನ್ನೇ ಬಯಸುವವರ ಇನ್ನೊಂದು ಗುಂಪು ಆರಂಭದಲ್ಲಿಯೇ ಹುಟ್ಟಿಕೊಂಡವು.

ಕಥೆ ಬದಲಾದರೂ ನಟರು ಬದಲಾಗಲಿಲ್ಲ. ಜೆಸ್ಸಿಕಾ ಲ್ಯಾಂಗ್ ಒಂದು ವರ್ಷ ಪಕ್ಕದ ಮನೆಯ ಹೆಂಗಸು, ಮರುವರ್ಷ ಕ್ರೈಸ್ತ ಸನ್ಯಾಸಿನಿ, ಅದರ ಮರುವರ್ಷ ಮಾಟಗಾತಿಯರ ಒಡತಿ. ಎರಡನೇ ಸೀಸನ್ನಿನಲ್ಲಿ ಪತ್ರಕರ್ತೆಯಾಗಿದ್ದ ಸಾರಾ ಪಾಲ್ಸನ್ ನಾಲ್ಕನೆಯದರಲ್ಲಿ ಒಂದೇ ದೇಹದ ಅವಳಿ ಸೋದರಿಯರು. ಈ ಬಗೆ ದಾವಣಗೆರೆಯವರಿಗೆ ಹೊಸತಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಊರು ಇದು. ನಿನ್ನೆ ರಾತ್ರಿ ರಾಣಿಯಾಗಿದ್ದ ನಟಿ ಇಂದು ಬಡ ತಾಯಿಯಾಗಿ ರಂಗಕ್ಕೆ ಬಂದಾಗ, ಪಾತ್ರದ ಹಿಂದಿರುವ ನಟಿಯನ್ನು ಗುರುತಿಸಿ ಖುಷಿಪಡುವ ಅಭ್ಯಾಸ ಇಲ್ಲಿಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಕಂಪನಿ ನಾಟಕದ ಪ್ರೇಕ್ಷಕರಲ್ಲಿ ಕಥೆಗಾಗಿ ಬರುವವರೂ ಇದ್ದರು, ಇಂಥ ನಟ ಈ ಬಾರಿ ಏನು ಮಾಡುತ್ತಾನೆಂದು ನೋಡಲು ಬರುವವರೂ ಇದ್ದರು, ಮತ್ತು ಒಂದೇ ನಾಟಕದ ಬಗ್ಗೆ ಈ ಇಬ್ಬರ ತೀರ್ಪು ಒಂದೇ ಆಗಿರುತ್ತಿರಲಿಲ್ಲ. ಈ ಸರಣಿಯ ಜಗಳವೂ ಬಹುಮಟ್ಟಿಗೆ ಇದೇ.

ಎರಡನೆಯ ಮತ್ತು ಮೂರನೆಯ ಸೀಸನ್‌ಗಳ ಮೇಲೆ ನಡೆಯುವ ವಾದ ಇದನ್ನು ಸ್ಪಷ್ಟಪಡಿಸುತ್ತದೆ. 1964ರ ಮಾನಸಿಕ ಆಸ್ಪತ್ರೆಯೊಂದರಲ್ಲಿ ನಡೆಯುವ ‘ಅಸೈಲಮ್’ ದೆವ್ವ ಹಿಡಿಯುವುದು, ಅನ್ಯಗ್ರಹದವರು, ನಾಜಿ ವೈದ್ಯ, ಸರಣಿ ಹಂತಕ ಎಲ್ಲವನ್ನೂ ಹದಿಮೂರು ಕಂತುಗಳಲ್ಲಿ ತುರುಕುತ್ತದೆ. ಇದು ಅತಿಯಾಯಿತು ಎನ್ನುವವರ ಮಾತಿನಲ್ಲಿ ನಿಜವಿದೆ. ಆದರೂ ಇದುವರೆಗಿನ ಸೀಸನ್‌ಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಸ್ವಸ್ಥಳಾದ ಹೆಂಗಸೊಬ್ಬಳನ್ನು ಹುಚ್ಚಿ ಎಂದು ಬರೆದುಕೊಂಡು ಬೀಗ ಹಾಕಿದರೆ ಅವಳ ಮಾತನ್ನು ಯಾರು ನಂಬಬೇಕು ಎಂಬ ಭಯ, ಉಳಿದೆಲ್ಲ ಗದ್ದಲದ ನಡುವೆಯೂ ಕೊನೆಯವರೆಗೆ ಬಿಗಿಯಾಗಿ ನಿಲ್ಲುತ್ತದೆ. ಮರುವರ್ಷದ ‘ಕವೆನ್’ ನ್ಯೂ ಆರ್ಲಿಯನ್ಸ್‌ನ ಮಾಟಗಾತಿಯರ ಕಥೆ. ಲ್ಯಾಂಗ್ ಮತ್ತು ಕ್ಯಾಥಿ ಬೇಟ್ಸ್ ಇಬ್ಬರಿಗೂ 2014ರ ಎಮ್ಮಿ ಪ್ರಶಸ್ತಿ ತಂದುಕೊಟ್ಟ ಈ ಸೀಸನ್ನನ್ನು, ಹಾಸ್ಯ ಮತ್ತು ಠೀವಿಗಾಗಿ ಕಾಲೇಜಿನ ಹುಡುಗಿಯರು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ನನ್ನ ಗೆಳೆಯನೊಬ್ಬನ ದೂರು ಬೇರೆ: ಸತ್ತವರು ಮತ್ತೆ ಮತ್ತೆ ಎದ್ದು ಬರುವ ಕಥೆಯಲ್ಲಿ ಸಾವಿಗೆ ಹೆದರುವುದು ಹೇಗೆ? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಅವನ ಮಾತು ಸರಿ.

ನಾಲ್ಕನೆಯ ‘ಫ್ರೀಕ್ ಶೋ’ ಮುಗಿದ ಮೇಲೆ ಲ್ಯಾಂಗ್ ತಂಡವನ್ನು ಬಿಟ್ಟರು. ನಟರಿಗಾಗಿ ನೋಡುತ್ತಿದ್ದ ಗುಂಪು ಒಡೆದದ್ದು ಆಗ. ‘ಹೋಟೆಲ್’ ಸೀಸನ್ನಿಗೆ ಬಂದ ಗಾಯಕಿ ಲೇಡಿ ಗಾಗಾ ಗೋಲ್ಡನ್ ಗ್ಲೋಬ್ ಪಡೆದರೂ, ಖಾಲಿಯಾದ ಜಾಗ ತುಂಬಲಿಲ್ಲವೆಂದು ಹಳೆಯ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ.

ವಿಷಯವೇನೆಂಬುದನ್ನು ಮೊದಲ ಕಂತಿನವರೆಗೂ ಗುಟ್ಟಾಗಿಟ್ಟಿದ್ದ 2016ರ ‘ರೋನೋಕ್’ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಮೊದಲರ್ಧ ಸಾಕ್ಷ್ಯಚಿತ್ರದ ಧಾಟಿಯಲ್ಲಿದ್ದು, ನಡುವೆ ದಿಕ್ಕು ಬದಲಿಸಿ ರಿಯಾಲಿಟಿ ಶೋ ಆಗುತ್ತದೆ. ಈ ತಿರುವಿಗೆ ತಾಳ್ಮೆಗೆಟ್ಟವರು ಹಲವರು. ಇದರ ಹಿಂದಿರುವುದು ನಿಜವಾದ ಇತಿಹಾಸ: 1587ರಲ್ಲಿ ರೋನೋಕ್ ದ್ವೀಪದಲ್ಲಿ ನೆಲೆಸಿದ ನೂರಕ್ಕೂ ಹೆಚ್ಚು ಇಂಗ್ಲಿಷರು, 1590ರಲ್ಲಿ ಅವರ ಗವರ್ನರ್ ಜಾನ್ ವೈಟ್ ಮರಳಿ ಬರುವ ಹೊತ್ತಿಗೆ ಕಾಣೆಯಾಗಿದ್ದರು, ಉಳಿದಿದ್ದದ್ದು ಕಂಬದ ಮೇಲೆ ಕೆತ್ತಿದ್ದ ‘ಕ್ರೊಆಟೋವನ್’ ಎಂಬ ಒಂದೇ ಪದ. ಅಮೆರಿಕದ ಮಕ್ಕಳು ಶಾಲೆಯಲ್ಲಿ ಓದುವ ಈ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಆದರೆ ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ಕಂಡ ನಮ್ಮ ಪೀಳಿಗೆಗೆ, ಮರದ ಮೇಲಿನ ಒಂದು ಪದ ರಾತ್ರಿಯ ಹೊತ್ತು ಎಷ್ಟು ಭಾರವಾಗಬಲ್ಲದೆಂದು ವಿವರಿಸಬೇಕಾಗಿಲ್ಲ. ನಮ್ಮ ವಯಸ್ಸಿನವರು ಈ ಸೀಸನ್ನಿಗೆ ಹೆದರಿದಷ್ಟು ವಿದ್ಯಾನಗರದ ಹುಡುಗರು ಹೆದರದಿರುವುದಕ್ಕೆ ಇದೇ ಕಾರಣವಿರಬೇಕು.

ಹಿನ್ನೆಲೆ ತಿಳಿಯದ ಕಡೆ ಭಯ ಹುಟ್ಟುವುದಿಲ್ಲ ಎಂಬುದಕ್ಕೆ ‘ಕಲ್ಟ್’ ಇನ್ನೊಂದು ನಿದರ್ಶನ. 2016ರ ಅಮೆರಿಕದ ಚುನಾವಣೆಯ ರಾತ್ರಿಯಿಂದ ಆರಂಭವಾಗುವ ಈ ಕಥೆಯಲ್ಲಿ ದೆವ್ವಗಳಿಲ್ಲ, ಇರುವುದು ನೆರೆಹೊರೆಯ ದ್ವೇಷ. ದೆವ್ವ ಬೇಕಿದ್ದವರು ಇದನ್ನು ಮೋಸವೆಂದರು. 1981ರ ನ್ಯೂಯಾರ್ಕಿನಲ್ಲಿ ನಡೆಯುವ ‘ಎನ್‌ವೈಸಿ’ ಏಡ್ಸ್ ಪಿಡುಗಿನ ಮೊದಲ ದಿನಗಳ ಶೋಕವನ್ನು ಹೊತ್ತಿದೆ. ಅದನ್ನರಿತು ನೋಡಿದವರಿಗೆ ಅದು ಸರಣಿಯ ಅತ್ಯಂತ ದುಃಖದ ಭಾಗ, ಅರಿಯದವರಿಗೆ ನಿಧಾನಗತಿಯ ಕೊಲೆಗಳ ಕಥೆ.

ಉಳಿದವುಗಳಲ್ಲಿ, ಮೊದಲ ಮತ್ತು ಮೂರನೆಯ ಸೀಸನ್‌ಗಳನ್ನು ಬೆಸೆದ ‘ಅಪೋಕ್ಯಾಲಿಪ್ಸ್’ ಲ್ಯಾಂಗ್ ಅವರನ್ನು ಒಂದು ಕಂತಿಗಾದರೂ ಮರಳಿ ಕರೆತಂದು ಹಳಬರ ಮನಸ್ಸು ಗೆದ್ದಿತು. ‘ಡಬಲ್ ಫೀಚರ್’ ತನ್ನ ಹತ್ತು ಕಂತುಗಳನ್ನು ಎರಡು ಕಥೆಗಳಿಗೆ ಆರು ಮತ್ತು ನಾಲ್ಕರಂತೆ ಹಂಚಿತು, ಎರಡನೆಯದು ಅವಸರದಲ್ಲಿ ಕೆಟ್ಟಿತು. ‘ಡೆಲಿಕೇಟ್’ 2023ರ ಹಾಲಿವುಡ್ ಮುಷ್ಕರಗಳ ನಡುವೆ ಸಿಕ್ಕಿ, ಅರ್ಧ ಆ ವರ್ಷ, ಅರ್ಧ 2024ರ ಏಪ್ರಿಲ್‌ನಲ್ಲಿ ಪ್ರಸಾರವಾಯಿತು. ಅಷ್ಟು ದೀರ್ಘ ವಿರಾಮದ ನಂತರ ಬಸುರಿಯ ಆತಂಕದ ಕಥೆಗೆ ಮರಳಿ ಮನಸ್ಸು ಕೊಡುವುದು ನಮ್ಮ ಬಳಗದ ಯಾರಿಂದಲೂ ಆಗಲಿಲ್ಲ.

ಕಳೆದ ತಿಂಗಳು ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಎಲ್ಲಿಂದ ಆರಂಭಿಸಲಿ ಎಂದು ಕೇಳಿದಾಗ, ಮೊದಲೆರಡನ್ನು ಸಾಲಾಗಿ ನೋಡಿ ನೇರ ಆರನೆಯದಕ್ಕೆ ಹೋಗು ಎಂದಿದ್ದೆ. ಅವನು ‘ಕವೆನ್’ನಿಂದ ಆರಂಭಿಸಿದ್ದಾನೆ, ಮತ್ತು ‘ಅಸೈಲಮ್’ ಕತ್ತಲೆ ಹೆಚ್ಚಾಯಿತು ಮಾಮ ಎನ್ನುತ್ತಿದ್ದಾನೆ.