ಆನ್‌ಲೈನ್ ಜೂಜು: ನಿಷೇಧ ತಟ್ಟುವುದು ಯಾರಿಗೆ?

"ಸರ್, ಬ್ಯಾನ್ ಆಯ್ತಲ್ಲ, ಇನ್ನು ಇವನು ಸರಿಹೋಗ್ತಾನೆ ಅಲ್ವಾ?" 2025ರಲ್ಲಿ ಭಾರತ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ, ಜೂಜಿನ ಚಟಕ್ಕೆ ಆಪ್ತಸಲಹೆ ಕೊಡುವ ನನ್ನನ್ನು ಹೀಗೆ ಕೇಳುವವರು ಮನೆಯವರು. ಆಡುವವರು ಕೇಳುವುದಿಲ್ಲ, ಅವರಿಗೆ ಉತ್ತರ ಗೊತ್ತು. ಒಬ್ಬರು ನನ್ನೆದುರೇ ಫೋನ್ ತೆಗೆದು ತೋರಿಸಿದರು. ಆಡುತ್ತಿದ್ದ ಸೈಟ್ ತೆರೆಯಲಿಲ್ಲ, ನಿರ್ಬಂಧಿಸಲಾಗಿದೆ ಎಂದು ಬಂತು. ಮೆಸೇಜ್ ಗ್ರೂಪಿಗೆ ಹೋದರು. ಅಲ್ಲಿ ಅದೇ ಸೈಟಿನ ಹೊಸ ಲಿಂಕ್, ಹೆಸರಿನ ಕೊನೆಗೊಂದು ಅಂಕಿ ಹೆಚ್ಚು. ಹಳೆಯ ಖಾತೆ, ಹಳೆಯ ಬ್ಯಾಲೆನ್ಸ್ ಹಾಗೇ ಇತ್ತು. ತಿರುಗಿ ಬಂದಿದ್ದಕ್ಕೆ ಬೋನಸ್ ಬೇರೆ!

ಹಾಗಂತ ನಿಷೇಧವೆಲ್ಲ ವ್ಯರ್ಥ ಎನ್ನಲಾರೆ. ಸೈಟಿನ ವಿಳಾಸ ತಡೆಯುವುದು ಸುಲಭ, ಹೊಸ ವಿಳಾಸ ಪಡೆಯುವುದು ಇನ್ನೂ ಸುಲಭ. ದುಡ್ಡಿನ ದಾರಿ ಅಷ್ಟು ಸಲೀಸಲ್ಲ. ಕಾರ್ಡ್ ಪಾವತಿಯಲ್ಲಿ ಒಂದೊಂದು ಬಗೆಯ ವ್ಯಾಪಾರಕ್ಕೂ ನಾಲ್ಕಂಕಿಯ ಕೋಡ್ ಇರುತ್ತದೆ, ಜೂಜಿನದು 7995. ಬ್ಯಾಂಕ್ ಮನಸ್ಸು ಮಾಡಿದರೆ ಆ ಕೋಡಿನ ಪಾವತಿಯನ್ನೆಲ್ಲ ನಿಲ್ಲಿಸಬಹುದು. ಅಮೆರಿಕ 2006ರ ಕಾನೂನಿನಲ್ಲಿ ಆಟಗಾರನನ್ನು ಬಿಟ್ಟು ಪಾವತಿಯನ್ನೇ ಹಿಡಿಯಿತು. ಕೆಲವು ದೊಡ್ಡ ಕಂಪನಿಗಳು ಕೂಡಲೇ ಅಲ್ಲಿಂದ ಕಾಲ್ಕಿತ್ತವು, ಉಳಿದವು ವೇಷ ಹಾಕಿದವು. 2011ರ ಏಪ್ರಿಲ್ 15ರಂದು ಪೋಕರ್ ಎಂಬ ಇಸ್ಪೀಟು ಜೂಜು ನಡೆಸುವ ಮೂರು ಆನ್‌ಲೈನ್ ಕಂಪನಿಗಳ ಮೇಲಿನ ಆರೋಪಪಟ್ಟಿ ಹೊರಬಿತ್ತು. ಅದರ ಪ್ರಕಾರ ಆಟದ ಹಣ ಆಭರಣ, ಗಾಲ್ಫ್ ಚೆಂಡು ಮಾರುವ ಅಂಗಡಿಗಳ ಹೆಸರಲ್ಲಿ ಬ್ಯಾಂಕ್ ದಾಟುತ್ತಿತ್ತು. ಆ ಅಂಗಡಿಗಳು ಇರಲೇ ಇಲ್ಲ. ಈಗ ಆ ಕೆಲಸಕ್ಕೆ ಕ್ರಿಪ್ಟೋ ಇದೆ, ಬೇರೆಯವರಿಂದ ಬಾಡಿಗೆಗೆ ಪಡೆದ ಬ್ಯಾಂಕ್ ಖಾತೆಗಳಿವೆ. ನನ್ನ ಬಳಿ ಬರುವವರ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಜೂಜಿನ ಸುಳಿವೇ ಇರುವುದಿಲ್ಲ. ಅವರಿಗೂ ಪರಿಚಯವಿಲ್ಲದ ಯಾರ್‍ಯಾರದೋ ಹೆಸರು, ಸಾಲು ಸಾಲಾಗಿ.

ಆದರೂ ಅಡ್ಡಿ ಸಣ್ಣದಾದರೂ ಇರಲಿ ಎನ್ನುವವನು ನಾನು. ಆಡಲೇಬೇಕೆಂಬ ತುಡಿತ ದಿನವಿಡೀ ಒಂದೇ ಸಮನೆ ಇರುವುದಿಲ್ಲ; ಏರುತ್ತದೆ, ಸ್ವಲ್ಪ ತಡೆದರೆ ಇಳಿಯುತ್ತದೆ. ಕಳೆದದ್ದನ್ನು ಈಗಲೇ ವಾಪಸ್ ಗೆಲ್ಲುತ್ತೇನೆ ಎಂದು ನಡುರಾತ್ರಿ ಕೂತವನಿಗೆ ಹಣ ಹಾಕಲಾಗದ ಒಂದು ಗಂಟೆಯೂ ದೊಡ್ಡದು. ಬ್ರಿಟನ್ನಿನ ಕೆಲವು ಬ್ಯಾಂಕುಗಳಲ್ಲಿ ಗ್ರಾಹಕರೇ ಜೂಜಿನ ಪಾವತಿಗೆ ತಡೆ ಹಾಕಿಕೊಳ್ಳಬಹುದು. ತೆಗೆಸಬೇಕೆಂದರೆ 48 ಗಂಟೆ ಕಾಯಬೇಕು. ಆ 48 ಗಂಟೆ ನನ್ನ ಹತ್ತು ಉಪದೇಶಗಳಿಗಿಂತ ಮೇಲು. ನಾರ್ವೆಯಲ್ಲಿ 2007ರಲ್ಲಿ ದುಡ್ಡು ಹಾಕಿ ಜೂಜಾಡುವ ಸ್ಲಾಟ್ ಯಂತ್ರಗಳನ್ನು ಪೂರ್ತಿ ತೆಗೆದರು. ಆಡುವವರೆಲ್ಲ ಬೇರೆ ಜೂಜಿಗೆ ಜಿಗಿಯುತ್ತಾರೆಂಬ ಭಯ ಅಲ್ಲಿ ನಿಜವಾಗಲಿಲ್ಲ. ಆದರೆ ಯಂತ್ರವನ್ನು ಲಾರಿಗೆ ಹೇರಿ ಒಯ್ಯಬಹುದು, ಆ್ಯಪನ್ನು ಹಾಗೆ ಒಯ್ಯಲಾಗದು.

ನಿಷೇಧದಿಂದ ಜಾಹೀರಾತು ಮಾಯವಾಗುತ್ತದೆ, ಆ್ಯಪ್ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಇನ್ನೂ ಶುರುಮಾಡದವರು ಎಷ್ಟೋ ಜನ ಉಳಿದುಕೊಳ್ಳುತ್ತಾರೆ. ಆಳಕ್ಕೆ ಇಳಿದವರ ಪಾಡು ಬೇರೆ. ಅವರು ಹೋಗಿ ಸೇರುವುದು ಕದ್ದುಮುಚ್ಚಿ ನಡೆಯುವ ಸೈಟಿಗೆ. ಅಲ್ಲಿ ಸೋಲಿಗೆ ಮಿತಿಯಿಲ್ಲ, ಗೆದ್ದ ಹಣ ಕೊಡದಿದ್ದರೆ ದೂರು ಕೊಡಲು ಜಾಗವಿಲ್ಲ. ಭಾರತ 2025ರಲ್ಲಿ ತಂದ ಕಾನೂನು ನಡೆಸುವವರನ್ನು, ಜಾಹೀರಾತು ಕೊಡುವವರನ್ನು, ಹಣ ದಾಟಿಸುವವರನ್ನು ಹಿಡಿಯುತ್ತದೆ, ಆಡುವವರನ್ನು ಶಿಕ್ಷಿಸುವುದಿಲ್ಲ. ಇದು ನನಗೆ ತುಂಬ ಹಿಡಿಸಿತು. ಕೇಸಾದೀತೆಂದು ಹೆದರಿದವರು ಚಿಕಿತ್ಸೆಗೆ ಬರುವಷ್ಟರಲ್ಲಿ ಸಾಲ ಕುತ್ತಿಗೆಗೆ ಬಂದಿರುತ್ತದೆ.

ಫೋನ್ ತೋರಿಸಿದವರ ವಿಷಯಕ್ಕೆ ಬರುತ್ತೇನೆ. ಅವರ ಬ್ಯಾಂಕ್ ಖಾತೆಯ ದಿನದ ಪಾವತಿ ಮಿತಿಯನ್ನು ಕನಿಷ್ಠಕ್ಕಿಳಿಸಿದೆವು, ಪಾಸ್‌ವರ್ಡ್ ಅಕ್ಕನ ಕೈಗೆ ಹೋಯಿತು. ಗ್ರೂಪ್ ಬಿಡಲೂ ಒಪ್ಪಿದರು. ಬಿಡುವ ಬಟನ್ ಹುಡುಕುವಷ್ಟರಲ್ಲಿ ಮೇಲಿಂದ ಇನ್ನೊಂದು ಲಿಂಕ್ ಇಳಿಯಿತು. ಇಬ್ಬರೂ ನಕ್ಕೆವು. ಅವರ ಹೆಬ್ಬೆರಳು ಮಾತ್ರ ಸ್ವಲ್ಪ ಹೊತ್ತು ಅದರ ಮೇಲೆಯೇ ನಿಂತಿತ್ತು.