ಸ್ನೋ ವೈಟ್ ಸಿನಿಮಾದ ಆ ಮುತ್ತು ತಪ್ಪಲ್ವಾ? ಮಕ್ಕಳಿಗೆ ತೋರಿಸಬಹುದಾ?

ಓದುಗರ ಪ್ರಶ್ನೆ: ಮಗಳಿಗೆ ಡಿಸ್ನಿಯ ಹಳೇ ಸ್ನೋ ವೈಟ್ ತೋರಿಸೋಣ ಅಂತಿದ್ದೆ. ಆದರೆ ಎಚ್ಚರವೇ ಇಲ್ಲದೆ ಮಲಗಿರುವ ಹುಡುಗಿಗೆ ರಾಜಕುಮಾರ ಬಂದು ಮುತ್ತು ಕೊಡುತ್ತಾನಲ್ಲ, ಅದು ತಪ್ಪಲ್ವಾ? ಇಂಥದ್ದನ್ನು ಈಗಿನ ಮಕ್ಕಳಿಗೆ ತೋರಿಸಬಹುದಾ?

ತೋರಿಸಬಹುದು. ನೀವೂ ಪಕ್ಕದಲ್ಲಿ ಕೂತು ನೋಡಿ. ತಕರಾರು ತೆಗೆಯಲು ಆ ಸಿನಿಮಾದಲ್ಲಿ ಬೇಕಾದಷ್ಟು ಜಾಗ ಇದೆ, ಆದರೆ ನನ್ನ ಪ್ರಕಾರ ಆ ಮುತ್ತು ಅಂಥ ಜಾಗ ಅಲ್ಲ.

ಈ ಪ್ರಶ್ನೆ ಹೊಸದೇನಲ್ಲ. 2021ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಮನರಂಜನಾ ಪಾರ್ಕಿನವರು ತಮ್ಮ ಸ್ನೋ ವೈಟ್ ರೈಡನ್ನು ಹೊಸದು ಮಾಡಿ, ಕೊನೆಯಲ್ಲಿ ಮುತ್ತಿನ ದೃಶ್ಯ ಇಟ್ಟರು. ಒಂದು ವಿಮರ್ಶೆಯಲ್ಲಿ ಇದೇ ಮಾತು ಬಂತು, ಅದರ ಮೇಲೆ ದೊಡ್ಡ ಜಗಳವೇ ನಡೆಯಿತು. ಜಗಳ ಆಡಿದವರಲ್ಲಿ ಎಷ್ಟು ಜನ ಸಿನಿಮಾವನ್ನು ಮತ್ತೊಮ್ಮೆ ಹಾಕಿ ನೋಡಿದ್ದರೋ!

ನೋಡಿದರೆ ಶುರುವಿನಲ್ಲೇ ಬಾವಿಕಟ್ಟೆ ಸಿಗುತ್ತದೆ. ತೇಪೆ ಹಾಕಿದ ಬಟ್ಟೆ ತೊಟ್ಟ ಸ್ನೋ ವೈಟ್ ಮೆಟ್ಟಿಲು ಉಜ್ಜಿ, ನೀರು ಸೇದಲು ಬಂದು, ಬಾವಿಯೊಳಗೆ ಬಗ್ಗಿ ಹಾಡುತ್ತಾಳೆ. ಬಾವಿ ಅವಳ ದನಿಯನ್ನೇ ತಿರುಗಿ ಕೊಡುತ್ತದೆ. ಅಷ್ಟರಲ್ಲಿ ಗೋಡೆ ಹತ್ತಿ ಬಂದ ರಾಜಕುಮಾರ ಪಕ್ಕದಲ್ಲಿ ನಿಂತು ದನಿಗೂಡಿಸುತ್ತಾನೆ. ನೀರಿನಲ್ಲಿ ಇನ್ನೊಂದು ಮುಖ ಕಂಡು ಬೆಚ್ಚಿದ ಹುಡುಗಿ ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆಮೇಲೆ ತಾನಾಗಿಯೇ ಬಾಲ್ಕನಿಗೆ ಬರುತ್ತಾಳೆ, ಅವನ ಹಾಡು ಕೇಳುತ್ತಾಳೆ, ಕೈಯಲ್ಲಿದ್ದ ಪಾರಿವಾಳಕ್ಕೆ ಒಂದು ಮುತ್ತು ಕೊಟ್ಟು ಕೆಳಗೆ ಕಳಿಸುತ್ತಾಳೆ. ಆ ಹಕ್ಕಿ ಹೋಗಿ ಅವನಿಗೆ ಮುತ್ತು ಮುಟ್ಟಿಸಿ ತಾನೇ ನಾಚಿಕೊಳ್ಳುತ್ತದೆ. ಅಂದರೆ ಮೊದಲ ಮುತ್ತು ಕಳಿಸಿದ್ದು ಅವಳು!

ಕೊನೆಯ ದೃಶ್ಯದಲ್ಲೂ ಅಷ್ಟೇ. ರಾಣಿ ಕೊಟ್ಟ ವಿಷದ ಸೇಬು ಕಚ್ಚಿ ಅವಳು ಸತ್ತಿದ್ದಾಳೆ ಅಂತಲೇ ಎಲ್ಲರೂ ತಿಳಿದಿದ್ದಾರೆ. ಮಣ್ಣು ಮಾಡಲು ಮನಸ್ಸು ಬಾರದೆ, ಕಾಡಿನಲ್ಲಿ ಅವಳಿಗೆ ಆಸರೆ ಕೊಟ್ಟಿದ್ದ ಏಳು ಕುಳ್ಳರು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ. ಚಳಿಗಾಲ ಬಂದು ಹೋಗಿದೆ. ರಾಜಕುಮಾರ ಬಂದು ಮುತ್ತು ಕೊಡುತ್ತಾನೆ, ಕೊಟ್ಟ ಮೇಲೆ ಏಳಲಿ ಅಂತ ಕಾಯುವುದಿಲ್ಲ, ಮಂಡಿಯೂರಿ ತಲೆ ತಗ್ಗಿಸುತ್ತಾನೆ. ಅದು ಕೊನೇ ವಿದಾಯ. ಹಾಗಂತ ಮಗಳು ಕೇಳಿದರೆ ಮಾತು ಹಾರಿಸಬೇಡಿ. ಮಲಗಿರುವವರನ್ನು ಕೇಳದೆ ಮುಟ್ಟಬಾರದು ಅಂತ ನೇರವಾಗಿ ಹೇಳಿ ಮುಂದೆ ಹೋಗಿ. ಮಕ್ಕಳಿಗೆ ಅಷ್ಟು ಸಾಕು.

ಅಂದ ಹಾಗೆ ಈ ಸಿನಿಮಾಕ್ಕೆ ಮೂಲವಾದ, ಜರ್ಮನಿಯ ಗ್ರಿಮ್ ಸಹೋದರರ ಕಥೆಯಲ್ಲಿ ಮುತ್ತೇ ಇಲ್ಲ. ಅಲ್ಲಿ ಇನ್ನೂ ವಿಚಿತ್ರ. ರಾಜಕುಮಾರ ಹೆಣ ಇರುವ ಪೆಟ್ಟಿಗೆಯನ್ನೇ ಕುಳ್ಳರಿಂದ ಕೇಳಿ ಪಡೆಯುತ್ತಾನೆ, ಅವಳನ್ನು ನೋಡದೆ ಬದುಕಲಾರೆ ಅಂತ. ಹೊತ್ತುಕೊಂಡು ಹೋಗುವ ಆಳುಗಳು ಎಡವುತ್ತಾರೆ, ಗಂಟಲಲ್ಲಿ ಸಿಕ್ಕಿಕೊಂಡಿದ್ದ ಸೇಬಿನ ತುಂಡು ಹೊರಗೆ ಬೀಳುತ್ತದೆ, ಹುಡುಗಿ ಎದ್ದು ಕೂರುತ್ತಾಳೆ. 1812ರ ಮೊದಲ ಮುದ್ರಣದಲ್ಲಂತೂ ಹೊತ್ತು ಹೊತ್ತು ರೇಗಿದ ಒಬ್ಬ ಆಳು ಅವಳ ಬೆನ್ನಿಗೊಂದು ಗುದ್ದುತ್ತಾನೆ, ಆಗ ತುಂಡು ಬೀಳುತ್ತದೆ! ಅದೇ ಮುದ್ರಣದಲ್ಲಿ ಕೊಲ್ಲಲು ಹೊರಟ ರಾಣಿ ಹೆತ್ತ ತಾಯಿಯೇ. ತಾಯಿ ಹೀಗೆ ಮಾಡಿದರೆ ಚೆನ್ನಾಗಿರಲ್ಲ ಅಂತಲೋ ಏನೋ, 1819ರಲ್ಲಿ ಅವಳನ್ನು ಮಲತಾಯಿ ಮಾಡಿದರು. ಮಲತಾಯಂದಿರಿಗೆ ಎಲ್ಲಾ ಕಡೆ ಇದೇ ಗತಿ. ನಮ್ಮ ಪತ್ರಿಕೆಗಳಲ್ಲೂ ಅನುದಾನ ಕಡಿಮೆ ಆದರೆ ಸಾಕು, ‘ಮಲತಾಯಿ ಧೋರಣೆ’ ಅಂತ ಶೀರ್ಷಿಕೆ ಬರುತ್ತದೆ.

ಹಾಗಿದ್ದರೂ ಆ ಮುತ್ತು ಇವತ್ತು ಯಾಕೆ ಮುಜುಗರ ತರುತ್ತದೆ? ಅರ್ಧ ಕಾರಣ, ಆ ರಾಜಕುಮಾರ ಯಾರು ಅಂತಲೇ ನಮಗೆ ಗೊತ್ತಾಗುವುದಿಲ್ಲ. ಅವನಿಗೆ ಹೆಸರೂ ಇಲ್ಲ. ಶುರುವಿನಲ್ಲಿ ಬಂದವನು ಮತ್ತೆ ಕಾಣುವುದು ಕೊನೆಯಲ್ಲೇ. ಸಿನಿಮಾದ ಮೊದಲ ಯೋಜನೆಯಲ್ಲಿ ಅವನಿಗೆ ಜಾಸ್ತಿ ಕೆಲಸ ಇತ್ತು. ಆದರೆ ನಿಜವಾದ ಗಂಡಸಿನ ಮೈಕಟ್ಟು, ನಡಿಗೆಯನ್ನು ನಂಬುವಂತೆ ಬಿಡಿಸುವುದು ಕಲಾವಿದರಿಗೆ ಕಷ್ಟವಾಯಿತು, ಪಾತ್ರವನ್ನು ಕತ್ತರಿಸಿದರು. ಕುಳ್ಳರನ್ನು ಹೇಗೆ ಬೇಕಾದರೂ ಉಬ್ಬಿಸಬಹುದು, ಎಳೆಯಬಹುದು, ರಾಜಕುಮಾರನನ್ನು ಹಾಗೆ ಮಾಡಲು ಆಗಲ್ವಲ್ಲ. ಸ್ನೋ ವೈಟ್‌ಗಾದರೆ ಮಾರ್ಜ್ ಚಾಂಪಿಯನ್ ಎಂಬ ನರ್ತಕಿಯನ್ನು ಕುಣಿಸಿ, ಚಿತ್ರೀಕರಿಸಿ, ಅದನ್ನು ನೋಡಿಕೊಂಡು ಬಿಡಿಸಿದರು.

ನನಗೆ ಕಿರಿಕಿರಿ ಆಗುವುದು ಬೇರೆ ಕಡೆ. ಒಂದು, ಆ ಕನ್ನಡಿ. ರಾಣಿಗೆ ರಾಜ್ಯ ಇದೆ, ಮಾಟ ಮಂತ್ರ ಗೊತ್ತು, ನೆಲಮಾಳಿಗೆ ತುಂಬ ಪುಸ್ತಕ ಇವೆ. ಇಷ್ಟಿದ್ದೂ ಕನ್ನಡಿಯೊಳಗಿನ ಒಂದು ಗಂಡು ದನಿ ‘ನಿನಗಿಂತ ಅವಳು ಚೆಂದ’ ಅಂದಿದ್ದಕ್ಕೆ ಎಲ್ಲವನ್ನೂ ಬಿಟ್ಟು ಮುದುಕಿಯಾಗಿ ಕಾಡಿಗೆ ಹೊರಡುತ್ತಾಳೆ. ಕನ್ನಡಿಗೆ ಯಾರೂ ಏನೂ ಅನ್ನುವುದಿಲ್ಲ, ಕಥೆಯೂ ಅದರ ಮಾತನ್ನು ಒಪ್ಪಿಕೊಂಡೇ ನಡೆಯುತ್ತದೆ. ಫೋನಿನಲ್ಲಿ ಮುಖ ನೋಡಿಕೊಳ್ಳುತ್ತಾ ಬೆಳೆಯುವ ಮಕ್ಕಳ ಜೊತೆ ಮಾತಾಡಬೇಕಾದ್ದು ಇದನ್ನು.

ಇನ್ನೊಂದು, ಮನೆಗೆಲಸ. ಸ್ನೋ ವೈಟ್ ರಾಜನ ಮಗಳು. ಕಾಡಿನಲ್ಲಿ ಗುರುತಿಲ್ಲದ ಮನೆ ಸಿಕ್ಕಿದ ತಕ್ಷಣ ಅವಳಿಗೆ ಹೊಳೆಯುವುದು ಗುಡಿಸಿ ಒರೆಸಿ ಇಟ್ಟರೆ ಇಲ್ಲಿ ಇರಲು ಬಿಡಬಹುದು ಅನ್ನೋದು. ಕುಳ್ಳರ ಮುಂದೆ ಒಗೆಯುತ್ತೇನೆ, ಹೊಲಿಯುತ್ತೇನೆ, ಅಡುಗೆ ಮಾಡುತ್ತೇನೆ ಅಂತ ಪಟ್ಟಿ ಕೊಡುತ್ತಾಳೆ. ಸಿಹಿತಿಂಡಿ ಹೆಸರು ಬಂದದ್ದೇ ತಡ, ಅವರು ಇರು ಅನ್ನುತ್ತಾರೆ. ಆದರೆ ಊಟದ ಹೊತ್ತಿಗೆ ಅದೇ ಹುಡುಗಿ ಏಳು ಗಂಡಸರ ಕೈ ಪರೀಕ್ಷೆ ಮಾಡಿ, ಕೊಳೆ ಕಂಡು, ತೊಳೆದುಕೊಂಡು ಬರದಿದ್ದರೆ ಊಟ ಇಲ್ಲ ಅಂತ ಹೊರಗೆ ಅಟ್ಟುತ್ತಾಳೆ. ಪಾಪದವಳು ಅಂತ ಅವಳನ್ನು ತಳ್ಳಿಹಾಕುವವರು ಈ ದೃಶ್ಯ ಮರೆತಿರುತ್ತಾರೆ.

ಪರದೆಯ ಹಿಂದೆಯೂ ಇದೇ ಕಥೆ. ಚಿತ್ರಗಳನ್ನು ಸೆಲ್ಯುಲಾಯ್ಡ್ ಎಂಬ ಪಾರದರ್ಶಕ ಹಾಳೆಗಳ ಮೇಲೆ ಗೆರೆ ಎಳೆದು ಬಣ್ಣ ತುಂಬಿದವರು ಬಹುಪಾಲು ಯುವತಿಯರು. 1938ರಲ್ಲಿ ಕೆಲಸ ಕೇಳಿದ ಒಬ್ಬ ಹೆಣ್ಣುಮಗಳಿಗೆ ಸ್ಟುಡಿಯೊ ಕಳಿಸಿದ ಪತ್ರ ಇವತ್ತಿಗೂ ಓದಲು ಸಿಗುತ್ತದೆ. ಸೃಜನಶೀಲ ಕೆಲಸ ಹೆಂಗಸರಿಗಿಲ್ಲ, ಅವರಿಗೆ ಇರುವುದು ಶಾಯಿ ಮತ್ತು ಬಣ್ಣದ ವಿಭಾಗ ಮಾತ್ರ ಅಂತ ಅದರಲ್ಲಿದೆ. ಲೆಟರ್‌ಹೆಡ್ಡಿನ ಮೇಲೆ ಇರುವುದು ಸ್ನೋ ವೈಟ್ ಚಿತ್ರ! ಸ್ನೋ ವೈಟ್‌ಗೆ ದನಿ ಕೊಟ್ಟ ಆಡ್ರಿಯಾನಾ ಕಾಸೆಲೊಟಿ ಹೆಸರು ಟೈಟಲ್‌ನಲ್ಲಿ ಬರಲೇ ಇಲ್ಲ.

ಇಷ್ಟಾದರೂ ಯಾಕೆ ತೋರಿಸಿ ಅಂದೆ ಅಂದರೆ, ಕೈಯಿಂದ ಬಿಡಿಸಿದ ಆ 83 ನಿಮಿಷ ಈಗಲೂ ಜೀವಂತವಾಗಿದೆ. 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಮೊದಲ ಪ್ರದರ್ಶನ ಆಯಿತು. ಅದಕ್ಕೂ ಮುಂಚೆ ಇದನ್ನು ‘ಡಿಸ್ನಿಯ ಹುಚ್ಚಾಟ’ ಅಂತ ಆಡಿಕೊಂಡಿದ್ದರು. ಎರಡೂವರೆ ಲಕ್ಷ ಡಾಲರ್ ಅಂದುಕೊಂಡ ಖರ್ಚು ಸುಮಾರು 15 ಲಕ್ಷ ಮುಟ್ಟಿತ್ತು.

ನಿಜವಾಗಿ ಎಚ್ಚರ ಬೇಕಾದ್ದು ಹೆದರಿಕೆ ವಿಷಯದಲ್ಲಿ. ಮರಗಳಿಗೆ ಕಣ್ಣು ಮೂಡುವ ಕಾಡಿನ ಓಟ, ರಾಣಿ ಮುದುಕಿಯಾಗುವ ದೃಶ್ಯ, ಇವೆರಡಕ್ಕೆ ಚಿಕ್ಕ ಮಕ್ಕಳು ಅತ್ತೇ ಬಿಡಬಹುದು. ಬ್ರಿಟನ್ನಿನಲ್ಲಿ ಆಗ ದೊಡ್ಡವರು ಜೊತೆಗಿಲ್ಲದೆ ಮಕ್ಕಳು ನೋಡುವಂತಿಲ್ಲ ಅಂತಲೇ ಸರ್ಟಿಫಿಕೇಟ್ ಕೊಟ್ಟಿದ್ದರು. ನಾಲ್ಕೈದು ವರ್ಷದ ಮಗು ಆದರೆ ಮೊದಲೇ ಹೇಳಿಡಿ, ಅಥವಾ ಆ ಭಾಗ ಓಡಿಸಿಬಿಡಿ.

ಇದರ ಬದಲು 2025ರ ಹೊಸ ಸ್ನೋ ವೈಟ್ ತೋರಿಸಲಾ ಅಂತ ಕೆಲವರು ಕೇಳುತ್ತಾರೆ. ಅದರಲ್ಲಿ ರಾಜಕುಮಾರನ ಜಾಗಕ್ಕೆ ಜೊನಾಥನ್ ಅಂತ ಒಬ್ಬ ಕಳ್ಳ ಬಂದಿದ್ದಾನೆ, ಇಬ್ಬರಿಗೂ ಸಾಕಷ್ಟು ಪರಿಚಯ ಆಗುತ್ತದೆ. ಇಷ್ಟೆಲ್ಲ ಗಲಾಟೆ ಆದಮೇಲೂ ಮುತ್ತು ಮಾತ್ರ ಅಲ್ಲೂ ಇದೆ. ನಾನಾದರೆ ಹಳೆಯದನ್ನೇ ಹಾಕುತ್ತೇನೆ.