ಅದೃಷ್ಟ ಮೊದಲು, ಜೀರುಂಡಿ ಆಮ್ಯಾಲೆ

ನಮ್ಮ ಕೊಪ್ಪಳ ರಾಯಚೂರು ಕಡೆ ಶಕುನ ಅಂದ್ರ ಹಲ್ಲಿ. ಲೊಚಗುಟ್ಟಿದ್ರ ಒಂದರ್ಥ, ಮೈಮ್ಯಾಲೆ ಬಿದ್ರ ಇನ್ನೊಂದರ್ಥ, ಎಡಭುಜ ಬಲಭುಜ ಅಂತ ಪಂಚಾಂಗದಾಗ ಪಟ್ಟಿನೇ ಇರ್ತೈತಿ. ಜೀರುಂಡಿಗೆ ಮಾತ್ರ ಅಷ್ಟು ಮರ್ಯಾದಿ ಇಲ್ಲ, ರಾತ್ರಿ ಮಂಚದ ಕೆಳಗ ಸೇರ್ಕೊಂಡು ಕಿರ್ರ್ ಅಂತ ಶುರು ಹಚ್ಕೊಂತು ಅಂದ್ರ ಕಸಬರಿಗಿ ಹಿಡ್ಕೊಂಡು ಹುಡುಕ್ತೀವಿ. ಆದ್ರ ಚೀನಾದಾಗ, ಇಂಗ್ಲೆಂಡಿನಾಗ ಇದು ಮನಿಗೆ ಬಂದ್ರ ಶುಭ, ಕೊಂದ್ರ ಕೇಡು ಅಂತ ನಂಬಿದ್ರು.

ಇಂಗ್ಲೆಂಡಿಂದೇ ತಗೊಳ್ರಿ. ಅಲ್ಲಿ ಮನಿಯೊಳಗ ಹಾಡೋದು ಅಕೀಟಾ ಡೊಮೆಸ್ಟಿಕಸ್ ಅನ್ನೋ ಕಂದು ಜಾತಿ, ಬಿಸಿ ಸೀಮಿ ಹುಳ, 30 ಡಿಗ್ರಿ ಆಸುಪಾಸು ಇದ್ರ ಆರಾಮ, ಅಲ್ಲಿನ ಚಳಿಗಾಲದಾಗ ಹೊರಗ ಉಳಿಯಂಗಿಲ್ಲ. ಹಂಗಾಗಿ ಅದು ಸೇರೋದು ಒಲಿ ಆರದ ಮನಿಗೆ, ಇಲ್ಲಾ ಬೇಕರಿಗೆ. ಈಗ ನೀವೇ ಲೆಕ್ಕ ಹಾಕ್ರಿ, ಚಳಿಗಾಲ ಪೂರ್ತಿ ಒಲಿ ಉರಿಸಾಕ ಕಟ್ಟಿಗಿ ಇದ್ದು, ಹುಳ ತಿನ್ನೋಷ್ಟು ಚೂರುಪಾರು ನೆಲಕ್ಕ ಬೀಳ್ತಿದ್ರ ಅಂಥ ಮನಿಯವರು ಮೊದಲೇ ಅನುಕೂಲಸ್ತರು. ಹುಳ ಬಂತು ಅಂತ ಅದೃಷ್ಟ ಬರಲಿಲ್ಲ, ಅದೃಷ್ಟ ಇತ್ತು ಅಂತ ಹುಳ ಬಂತು. ಎರಡೂ ಜೊತಿಗೆ ಕಂಡ್ವು ಅಂತ ಜನ ಕಾರಣಾನ ಪರಿಣಾಮ ಮಾಡಿ, ಪರಿಣಾಮಾನ ಕಾರಣ ಮಾಡಿಬಿಟ್ರು, ನನಗಂತೂ ಮುಕ್ಕಾಲು ಶಕುನ ಹಿಂಗ ಹುಟ್ಟ್ಯಾವ ಅನಿಸ್ತೈತಿ.

ಚೀನಾದ ಕಥಿ ಬ್ಯಾರೆ. ಟಾಂಗ್ ಅರಸರ ಕಾಲಕ್ಕ (618–907) ಅರಮನಿ ಹೆಣ್ಮಕ್ಕಳು ಜೀರುಂಡಿನ ಸಣ್ಣ ಬಂಗಾರದ ಪಂಜರದಾಗ ಹಾಕಿ, ರಾತ್ರಿ ದಿಂಬಿನ ಬಾಜೂಕ ಇಟ್ಕೊಂಡು ಹಾಡು ಕೇಳ್ತಿದ್ರಂತ. ಹೆಣ್ಣು ನೂರಾರು ಮೊಟ್ಟಿ ಇಡ್ತೈತಿ ಅಂತ ಸಂತಾನ ಭಾಗ್ಯಕ್ಕೂ ಗಂಟು ಹಾಕಿದ್ರು. ಆಮ್ಯಾಲೆ ಗಂಡು ಗಂಡು ಕಾದಾಡಿಸಿ ಪಣ ಕಟ್ಟೋದು ಶುರುವಾತು. 13ನೇ ಶತಮಾನದಾಗ ಸಾಂಗ್ ಅರಸರ ಮಂತ್ರಿ ಆಗಿದ್ದ ಜಿಯಾ ಸಿದಾವೋನ ಹೆಸರಿನಾಗ ಜೀರುಂಡಿ ಮ್ಯಾಲೆ ಒಂದು ಗ್ರಂಥನೇ ಐತಿ, ಮಂಗೋಲರು ದಂಡೆತ್ತಿ ಬಂದಾಗೂ ಇವನು ಹುಳದ ಕಾಳಗ ನೋಡ್ತಿದ್ದ ಅಂತ ಜನ ಬೈತಿದ್ರು. 1279ಕ್ಕ ಸಾಂಗ್ ರಾಜ್ಯ ಮುಗೀತು. ಭಾಳ ಅದೃಷ್ಟದ ಹುಳ!

ಜೀರುಂಡಿ ಮನಿ ಕಾಯ್ತೈತಿ ಅನ್ನೋ ಇನ್ನೊಂದು ನಂಬಿಕಿ ಐತಿ, ಅದು ಮಾತ್ರ ಪೊಳ್ಳಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ರಾತ್ರಿ ಪಾಳಿ ತ್ರೀಫೇಸ್ ಕರೆಂಟ್ ಬಂದಾಗ ನೀರು ಕಟ್ಟಾಕ ಹೋಗೋರಿಗೆ ಇದು ಗೊತ್ತು. ಒಡ್ಡಿನ ಮ್ಯಾಲೆ ಹೊಂಟ್ರ ಕಾಲ ಬುಡಕಿನವು ಗಪ್ಪಾಗ್ತಾವ, ಮುಂದ ದಾಟಿದ್ರ ಹಿಂದ ಮತ್ತ ಶುರು. ನಾವು ನಿಂತಲ್ಲೇ ನಿಂತಾಗ ಆ ಕಡಿ ಮೂಲಿಯಾಗ ತಟ್ಟನ ನಿಂತ್ವು ಅಂದ್ರ ಅಲ್ಲಿ ಏನೋ ಹರದಾಡಕತ್ತೈತಿ, ಹಾವೋ ಹಂದಿಯೋ, ಬ್ಯಾಟ್ರಿ ಹಾಕಿ ನೋಡಬೇಕು. ಕಾಲಿನಾಗಿನ ಅಂಗದಿಂದ ನೆಲದ ನಡುಕ ಗೊತ್ತಾಗ್ತೈತಿ, ಬೆನ್ನ ತುದಿಗಿರೋ ಎರಡು ಬಾಲದಂಥ ಕಡ್ಡಿ ಮ್ಯಾಲಿನ ಕೂದಲಿಗೆ ಗಾಳಿ ಅಲುಗಿದ್ದು ಗೊತ್ತಾಗ್ತೈತಿ, ಕಿವಿ ಅಂತೂ ಮುಂಗಾಲಿನ ಮೊಣಕಾಲ ಕೆಳಗ ಐತಿ.

ಬ್ಯಾಟ್ರಿ ಬೆಳಕಿಗೆ ಕೈ ಅಡ್ಡ ಹಿಡ್ದು ಎರಿ ಹೊಲದ ಬಿರುಕಿನ ಬಾಯಿಗೆ ನೋಡಿದ್ರ, ನಸೀಬಿದ್ರ, ಹಾಡೋ ಗಂಡು ಕಾಣ್ತೈತಿ. ಮುಂದಿನ ಎರಡೂ ರೆಕ್ಕಿ ಬೆನ್ನಿಂದ ಚೂರು ಮ್ಯಾಲೆತ್ತಿ ಒಂದಕ್ಕೊಂದು ತಿಕ್ಕತೈತಿ, ಒಂದರ ತಳಕ್ಕ ಸಾಲು ಹಲ್ಲು, ಇನ್ನೊಂದರ ಅಂಚು ಗಟ್ಟಿ, ಬಾಚಣಿಕಿ ಮ್ಯಾಲೆ ಉಗುರು ಎಳೆದಂಗ. ಕಾಲು ತಿಕ್ಕಿ ಹಾಡ್ತೈತಿ ಅಂತ ಭಾಳ ಮಂದಿ ಅಂತಾರ, ಕಾಲು ಬಳಸೋದು ಮಿಡಚಿ. ಹೆಣ್ಣು ಹಾಡಂಗಿಲ್ಲ. ಮೈಗೆ ಸ್ವಂತ ಬಿಸಿ ಇಲ್ಲ, ಅದಕ್ಕ ಸೆಖಿ ಏರಿದಂಗ ಸ್ನಾಯು ಜೋರಾಗಿ ಹಾಡೂ ಜೋರಾಗ್ತೈತಿ, 1897ರಾಗ ಅಮೆರಿಕದ ಭೌತವಿಜ್ಞಾನಿ ಏಮಸ್ ಡಾಲ್ಬೇರ್ ಇದಕ್ಕೊಂದು ಸೂತ್ರನೇ ಬರದ. ಈಗಿನ ಸುಲಭ ಲೆಕ್ಕ ಅಂದ್ರ ಅಲ್ಲಿನ ಗಿಡದ ಜೀರುಂಡಿ 8 ಸೆಕೆಂಡಿಗೆ ಎಷ್ಟು ಸಲ ಕೂಗ್ತೈತೋ ಅದಕ್ಕ 5 ಕೂಡಿಸಿದ್ರ ಹೆಚ್ಚುಕಡಿಮಿ ಸೆಲ್ಸಿಯಸ್. ರಾಯಚೂರಿನ ಮೇ ತಿಂಗಳಿಗೆ ಇದನ್ನ ಹಚ್ಚಬ್ಯಾಡ್ರಿ, ಜಾತಿ ಬ್ಯಾರೆ ಆದ್ರ ಲೆಕ್ಕನೂ ಬ್ಯಾರೆ.

ಈ ಹಾಡು ಖುದ್ದು ಜೀರುಂಡಿಗೆ ಶುಭನಾ? ಹವಾಯಿಯ ಕವಾಯ್ ದ್ವೀಪದಾಗ ಒಂದು ನೊಣ ಐತಿ, ಆರ್ಮಿಯಾ ಓಕ್ರೇಸಿಯಾ ಅಂತ, ಅದು ಹಾಡಿನ ಜಾಡು ಹಿಡ್ದು ಬಂದು ಮೈಮ್ಯಾಲೆ ಮರಿಹುಳ ಬಿಡ್ತೈತಿ, ಅವು ಒಳಗ ಹೊಕ್ಕು ಒಂದು ವಾರ ಹತ್ತು ದಿನದಾಗ ತಿಂದು ಮುಗಿಸ್ತಾವ. ಅಲ್ಲಿ ರೆಕ್ಕಿಯ ಹಾಡೋ ರಚನೆನೇ ಅಳಿಸಿಹೋದ ಮೂಕ ಗಂಡುಗಳು 20 ತಲಿಮಾರಿಗಿಂತ ಕಡಿಮಿಯಾಗ ತುಂಬಿಕೊಂಡ್ವು ಅಂತ ಜೀವವಿಜ್ಞಾನಿ ಮಾರ್ಲೀನ್ ಝುಕ್ ತಂಡ 2006ರಾಗ ಪ್ರಕಟಿಸ್ತು. ಹಾಡದಿದ್ರ ಹೆಣ್ಣು ಹೆಂಗ ಸಿಗ್ತೈತಿ ಅಂತೀರಾ, ಹಾಡೋವು ಒಂದೆರಡು ಉಳದಾವಲ್ಲ, ಅವುಗಳ ಬಾಜೂಕ ಹೋಗಿ ಕುಂತು ಹಾಡು ಕೇಳಿ ಬರೋ ಹೆಣ್ಣನ್ನ ನಡುದಾರಿಯಾಗೇ ತಡಿತಾವ. ಕಳ್ಳರು.

ಇನ್ನ ನಮ್ಮ ಮಂಚದ ಕೆಳಗಿಂದು. ಶುಭ ಅಂತ ಟ್ರಂಕಿನಾಗ ಬಿಟ್ರ ಬಟ್ಟಿ ಕಡಿತಾವ, ಅದೂ ಬೆವರು, ಸಾರು ಹತ್ತಿದ ಬಟ್ಟಿ ಅಂದ್ರ ಇನ್ನೂ ಇಷ್ಟ. ಕೊಲ್ಲಾಕೇನೂ ಹೋಗಬ್ಯಾಡ್ರಿ, ಮ್ಯಾಲೆ ಲೋಟ ಬೋರಲು ಹಾಕಿ, ತಳಕ್ಕ ಒಂದು ಹಳೇ ಲಗ್ನಪತ್ರಿಕಿ ತೂರಿಸಿ, ಹಿತ್ತಲಕ್ಕ ಬಿಟ್ಟು ಬರ್ರಿ.